ಬ್ಲ್ಯಾಕ್‌ಹೆಡ್ ಕೊಳೆಯಲ್ಲ, ಬಿರಡೆ: ಅದು ಕಟ್ಟಿಕೊಳ್ಳುವ ಬಗೆ, ಬಿಡಿಸುವ ಬಗೆ

ಮೂಗಿನಿಂದ ಹೊರಬಂದ ಒಂದು ಬ್ಲ್ಯಾಕ್‌ಹೆಡ್ಡನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಕಪ್ಪಗಿರುವುದು ಅದರ ತುದಿ ಮಾತ್ರ. ಉಳಿದದ್ದೆಲ್ಲ ಮೇಣದ ಹಾಗೆ ಹಳದಿ ಮಿಶ್ರಿತ ಬಿಳಿ. ಹೊರಗಿನಿಂದ ಬಂದು ಕೂತ ಧೂಳೋ ಕೊಳೆಯೋ ಆಗಿದ್ದರೆ ಅದು ಹೀಗಿರುತ್ತಿರಲಿಲ್ಲ. ಚರ್ಮದ ಒಳಗೇ ತಯಾರಾದ ಒಂದು ಬಿರಡೆ ಅದು. ಅದರ ಬಾಯಿ ತೆರೆದಿರುವುದರಿಂದ ತುದಿಗೆ ಗಾಳಿ ತಾಗುತ್ತದೆ. ಅಲ್ಲಿರುವ ಜಿಡ್ಡು ಆಮ್ಲಜನಕದೊಂದಿಗೆ ಸೇರಿ ಬಣ್ಣ ಬದಲಿಸುತ್ತದೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಆ ತುದಿಯಲ್ಲಿ ಇರುತ್ತದೆ. ಕಪ್ಪು ಬರುವುದು ಹೀಗೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಬ್ಲ್ಯಾಕ್‌ಹೆಡ್ ಕಂಡ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಎರಡು: ಮುಖವನ್ನು ಗಸಗಸ ಉಜ್ಜಿ ತೊಳೆಯುವುದು, ಇಲ್ಲವೇ ಕನ್ನಡಿಯ ಮುಂದೆ ನಿಂತು ಉಗುರಿನಿಂದ ಹಿಸುಕುವುದು. ಕೊಳೆ ಎಂದುಕೊಂಡರೆ ಉಜ್ಜುವುದೇ ಸರಿ ಅನ್ನಿಸುತ್ತದೆ. ಬಿರಡೆ ಎಂದು ಗೊತ್ತಾದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಈಗಿರುವ ಬಿರಡೆಯನ್ನು ಸಡಿಲಗೊಳಿಸುವುದು ಹೇಗೆ, ಅದಕ್ಕಿಂತ ಮುಖ್ಯವಾಗಿ ಮುಂದಿನದು ಕಟ್ಟಿಕೊಳ್ಳದಂತೆ ಮಾಡುವುದು ಹೇಗೆ?

ಬಿರಡೆ ಕಟ್ಟಿಕೊಳ್ಳುವ ಬಗೆ

ಮುಖದ ಮೇಲೆ ನಾವು ರಂಧ್ರ ಎಂದು ಕರೆಯುವುದು ರೋಮಕೂಪದ ಬಾಯಿ, ಅಂದರೆ ಕೂದಲು ಹುಟ್ಟುವ ಸಣ್ಣ ಕೊಳವೆಯ ಬಾಯಿ. ಮೂಗು, ಹಣೆ, ಗಲ್ಲದ ಕೊಳವೆಗಳಲ್ಲಿ ಕೂದಲು ಕಣ್ಣಿಗೆ ಕಾಣದಷ್ಟು ನವಿರು. ಆದರೆ ಕೊಳವೆಗೆ ಅಂಟಿಕೊಂಡಿರುವ ಜಿಡ್ಡಿನ ಗ್ರಂಥಿ ದೊಡ್ಡದು. ಅದು ಸೀಬಮ್ ಎಂಬ ಎಣ್ಣೆಯನ್ನು ಕೊಳವೆಯೊಳಕ್ಕೆ ಸುರಿಸುತ್ತದೆ, ಸೀಬಮ್ ಮೇಲೆ ಬಂದು ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ಅಂಗೈ, ಅಂಗಾಲುಗಳಲ್ಲಿ ಈ ಗ್ರಂಥಿಗಳೇ ಇಲ್ಲ. ಹಾಗಾಗಿ ಅಲ್ಲಿ ಬ್ಲ್ಯಾಕ್‌ಹೆಡ್ಡೂ ಇಲ್ಲ. ಮುಖ, ಎದೆಯ ಮೇಲ್ಭಾಗ, ಬೆನ್ನಿನಲ್ಲಿ ಗ್ರಂಥಿಗಳು ದಟ್ಟವಾಗಿರುವುದರಿಂದ ತೊಂದರೆಯೂ ಅಲ್ಲೇ ಹೆಚ್ಚು.

ಕೊಳವೆಯ ಒಳಗೋಡೆಯೂ ಚರ್ಮವೇ. ಅಲ್ಲಿನ ಹಳೆಯ ಕೋಶಗಳು ಸತ್ತು ಬಿಡಿಬಿಡಿಯಾಗಿ ಉದುರಿ ಸೀಬಮ್‌ನೊಂದಿಗೆ ಹೊರಗೆ ಬರಬೇಕು. ಬ್ಲ್ಯಾಕ್‌ಹೆಡ್ ಆಗುವ ಕೊಳವೆಯಲ್ಲಿ ಎರಡು ತಪ್ಪುಗಳಾಗುತ್ತವೆ. ಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ, ಸತ್ತ ಮೇಲೆ ಒಂದನ್ನೊಂದು ಬಿಡದೆ ಅಂಟಿಕೊಂಡೇ ಇರುತ್ತವೆ. ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದ ಈ ಸತ್ತ ಕೋಶಗಳ ಪದರಗಳ ನಡುವೆ ಸೀಬಮ್ ಸಿಕ್ಕಿಹಾಕಿಕೊಂಡು ಗಟ್ಟಿಯಾಗುತ್ತದೆ. ಈ ಹಂತದಲ್ಲಿ ಅದು ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಷ್ಟು ಚಿಕ್ಕದು, ಹೆಸರು ಮೈಕ್ರೊಕೊಮಿಡೋ. ಅದು ಬೆಳೆದು ಕಣ್ಣಿಗೆ ಕಾಣುವಂತಾಗಲು ವಾರಗಳೇ ಬೇಕು. ಕೆಲವೊಮ್ಮೆ ತಿಂಗಳುಗಳೂ ಹಿಡಿಯುತ್ತವೆ.

ಬೆಳೆದ ಮೇಲೆ ದಾರಿ ಎರಡು. ಕೊಳವೆಯ ಬಾಯಿ ಕಿರಿದಾಗಿಯೇ ಉಳಿದರೆ ಮೇಲೆ ಚರ್ಮದ ತೆಳು ಮುಚ್ಚಳವಿದ್ದು ಬಿಳಿಯ ಅಥವಾ ಚರ್ಮದ್ದೇ ಬಣ್ಣದ ಗುಳ್ಳೆಯಾಗುತ್ತದೆ, ಅದು ವೈಟ್‌ಹೆಡ್. ಬಾಯಿ ಹಿಗ್ಗಿ ತೆರೆದುಕೊಂಡರೆ ಬ್ಲ್ಯಾಕ್‌ಹೆಡ್. ಎರಡೂ ಒಂದೇ ಬಳ್ಳಿಯ ಕಾಯಿಗಳು, ಎರಡೂ ಮೊಡವೆಯ ಆರಂಭದ ರೂಪಗಳು. ವೈಟ್‌ಹೆಡ್‌ನಲ್ಲಿ ಒಳಗಿನದಕ್ಕೆ ಹೊರಬರಲು ದಾರಿಯಿಲ್ಲದ ಕಾರಣ ಅದು ಒಡೆದು ಕೆಂಪು ಮೊಡವೆಯಾಗುವ ಸಂಭವ ಹೆಚ್ಚು. ಬ್ಲ್ಯಾಕ್‌ಹೆಡ್ ಸುಮ್ಮನೆ ಬಿಟ್ಟರೆ ತಿಂಗಳುಗಟ್ಟಲೆ ತೆಪ್ಪಗೆ ಕೂತಿರಬಲ್ಲದು. ಅದನ್ನು ಕೆಂಪಾಗಿಸುವುದು ಎಷ್ಟೋ ಸಲ ನಮ್ಮ ಬೆರಳುಗಳೇ.

ಗ್ರಂಥಿಯನ್ನು ಚುರುಕುಗೊಳಿಸುವುದು ಆಂಡ್ರೊಜೆನ್ ಹಾರ್ಮೋನುಗಳು. ಇವು ಗಂಡಸರಲ್ಲೂ ಹೆಂಗಸರಲ್ಲೂ ಇವೆ. ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಮಕ್ಕಳ ಮೂಗು ಮತ್ತು ಹಣೆಯ ಮೇಲೆ ಕಾಣುವ ಬ್ಲ್ಯಾಕ್‌ಹೆಡ್‌ಗಳು ಹರೆಯ ಬರುತ್ತಿರುವುದರ ಮೊದಲ ಗುರುತುಗಳಲ್ಲಿ ಒಂದು. ಆ ವಯಸ್ಸಿನ ಮಗುವಿಗೆ ‘ಸರಿಯಾಗಿ ಮುಖ ತೊಳೆಯುವುದಿಲ್ಲ’ ಎಂದು ಗದರುವುದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ಯಾರಿಗೆ ಎಷ್ಟು ಜಿಡ್ಡು, ಯಾರ ಕೋಶಗಳು ಎಷ್ಟು ಅಂಟಿಕೊಳ್ಳುತ್ತವೆ ಎಂಬುದರಲ್ಲಿ ವಂಶದ ಪಾಲು ದೊಡ್ಡದು.

ಚಿಕಿತ್ಸೆಗೆ ಇಡೀ ದಿಕ್ಕು ಕೊಡುವ ಒಂದು ಅಂಶ ಇಲ್ಲಿದೆ. ಕಾಣುತ್ತಿರುವ ಹತ್ತು ಚುಕ್ಕೆಗಳ ಅಕ್ಕಪಕ್ಕದಲ್ಲಿ ಇನ್ನೂ ಕಾಣದ ಎಷ್ಟೋ ಬಿರಡೆಗಳು ಬೆಳೆಯುತ್ತಿರುತ್ತವೆ. ಚುಕ್ಕೆಯ ಮೇಲಷ್ಟೇ ಔಷಧ ಹಚ್ಚಿದರೆ ಪ್ರತಿ ತಿಂಗಳೂ ಹೊಸ ಚುಕ್ಕೆಗಳು ಹುಟ್ಟುತ್ತಲೇ ಇರುತ್ತವೆ. ಹಚ್ಚಬೇಕಾದ್ದು ಇಡೀ ಜಾಗಕ್ಕೆ.

ನಿಮ್ಮ ಮೂಗಿನ ಮೇಲಿರುವುದು ಬ್ಲ್ಯಾಕ್‌ಹೆಡ್ಡೇ?

ತುಂಬ ಜನ ಇಲ್ಲೇ ಎಡವುತ್ತಾರೆ. ಮೂಗಿನ ತುದಿ ಮತ್ತು ಪಕ್ಕಗಳಲ್ಲಿ ಸಮನಾದ ಅಂತರದಲ್ಲಿ, ಸೂಜಿಯ ಮೊನೆಯಷ್ಟು ಗಾತ್ರದ, ಬೂದು ಅಥವಾ ತಿಳಿಕಂದು ಚುಕ್ಕೆಗಳ ಸಾಲು ಕಾಣುತ್ತದೆಯೇ? ಮುಟ್ಟಿದರೆ ಚರ್ಮ ನುಣ್ಣಗೇ ಇದೆಯೇ? ಒತ್ತಿದರೆ ದಾರದಂಥ ತೆಳು ಬಿಳಿ ಎಳೆ ಬರುತ್ತದೆಯೇ? ಹಾಗಿದ್ದರೆ ಅದು ಬ್ಲ್ಯಾಕ್‌ಹೆಡ್ ಅಲ್ಲ, ಸೆಬೇಷಿಯಸ್ ಫಿಲಮೆಂಟ್. ಸೀಬಮ್ ಕೊಳವೆಯಿಂದ ಮೇಲೇರಲು ಇರುವ ಸಹಜ ಬತ್ತಿ ಅದು. ಎಲ್ಲರ ಮೂಗಿನಲ್ಲೂ ಇದೆ. ಕಿತ್ತರೆ ಸುಮಾರು ಒಂದು ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತದೆ, ತುಂಬಿಕೊಳ್ಳಲೇಬೇಕು. ಅದನ್ನು ಪೂರ್ತಿ ಇಲ್ಲವಾಗಿಸಲು ಹೊರಟವರು ಮೂಗನ್ನು ಕೆಂಪಗೆ ಮಾಡಿಕೊಳ್ಳುತ್ತಾರೆಯೇ ಹೊರತು ಗೆಲ್ಲುವುದಿಲ್ಲ.

ಬ್ಲ್ಯಾಕ್‌ಹೆಡ್ ಹಾಗಲ್ಲ. ಅದು ಅಲ್ಲೊಂದು ಇಲ್ಲೊಂದು ಇರುತ್ತದೆ, ಅಂಚು ಸ್ಪಷ್ಟ, ಬಣ್ಣ ನಿಜವಾಗಿಯೂ ಕಪ್ಪು ಅಥವಾ ಗಾಢ ಕಂದು. ಬೆರಳಾಡಿಸಿದರೆ ಸಣ್ಣ ಉಬ್ಬು ಸಿಗುತ್ತದೆ, ಹೊರಬಂದಾಗ ಗಟ್ಟಿ ಬಿರಡೆಯ ರೂಪದಲ್ಲಿ ಬರುತ್ತದೆ. ಇನ್ನು ನಡುವಯಸ್ಸು ದಾಟಿದವರ ಮುಖ ಅಥವಾ ಬೆನ್ನಿನಲ್ಲಿ ಒಂಟಿಯಾಗಿ, ತುಂಬ ದೊಡ್ಡ ಬಾಯಿಯ ಕಪ್ಪು ರಂಧ್ರವಿದ್ದು, ತೆಗೆದಷ್ಟೂ ತುಂಬಿಕೊಳ್ಳುತ್ತಿದ್ದರೆ ಅದು ಹಿಗ್ಗಿದ ರಂಧ್ರ ಎಂಬ ಬೇರೆಯದೇ ಸ್ಥಿತಿ. ಅದಕ್ಕೆ ಕ್ರೀಮು ಸಾಲದು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಗೋಡೆ ಸಮೇತ ತೆಗೆದರಷ್ಟೇ ಹೋಗುತ್ತದೆ. ಹಾಗೆಯೇ, ಆಕಾರ ಬದಲಾಗುತ್ತಿರುವ, ರಕ್ತ ಬರುವ, ಒಸರುವ ಕಪ್ಪು ಚುಕ್ಕೆ ಯಾವುದೇ ಇದ್ದರೂ ಅದನ್ನು ಬ್ಲ್ಯಾಕ್‌ಹೆಡ್ ಎಂದುಕೊಂಡು ಮುಟ್ಟಬೇಡಿ. ಮೊದಲು ಚರ್ಮತಜ್ಞರಿಗೆ ತೋರಿಸಿ.

ತೊಳೆಯುವುದು ಎಷ್ಟು, ಹೇಗೆ

ದಿನಕ್ಕೆ ಎರಡು ಸಲ, ಜೊತೆಗೆ ಚೆನ್ನಾಗಿ ಬೆವರಿದ ಮೇಲೆ ಒಂದು ಸಲ. ಅಷ್ಟು ಸಾಕು. ನೀರು ಉಗುರುಬೆಚ್ಚಗಿರಲಿ. ಬೆರಳ ತುದಿಗಳಿಂದ ಅರ್ಧ ನಿಮಿಷ ಮೆಲ್ಲಗೆ ಸವರಿ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) ಸುಮಾರು 5ರ ಆಸುಪಾಸು. ಮಾಮೂಲಿ ಸಾಬೂನಿನ ಪಿಎಚ್ 9ರಿಂದ 10. ಸಾಬೂನಿನಿಂದ ಮುಖ ತೊಳೆದಾಗ ಚರ್ಮ ಬಿಗಿಯುವ ಅನುಭವ ಆಗುತ್ತದಲ್ಲ, ಅದನ್ನು ಹಲವರು ಶುದ್ಧವಾದುದರ ಗುರುತು ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಚರ್ಮದ ರಕ್ಷಣಾ ಪದರಕ್ಕೆ ಪೆಟ್ಟು ಬಿದ್ದುದರ ಗುರುತು. ಸಾಬೂನಲ್ಲದ, ಪಿಎಚ್ ಕಡಿಮೆಯಿರುವ, ಸೌಮ್ಯ ಕ್ಲೆನ್ಸರ್ ಆರಿಸಿಕೊಳ್ಳಿ.

ಎಷ್ಟೇ ಒಳ್ಳೆಯ ಕ್ಲೆನ್ಸರ್ ಆದರೂ ಕೊಳವೆಯ ಆಳದಲ್ಲಿರುವ ಬಿರಡೆಯನ್ನು ತಲುಪುವುದಿಲ್ಲ. ಮೇಲಿನ ಜಿಡ್ಡು, ಬೆವರು, ಮೇಕಪ್ಪು, ಸನ್‌ಸ್ಕ್ರೀನನ್ನು ತೆಗೆದು ಔಷಧಕ್ಕೆ ದಾರಿ ಮಾಡಿಕೊಡುವುದಷ್ಟೇ ಅದರ ಕೆಲಸ. ಹರಳಿನಂಥ ಒರಟು ಕಣಗಳಿರುವ ಸ್ಕ್ರಬ್‌ಗಳ ಕಥೆಯೂ ಇಷ್ಟೇ. ಅವು ಬಿರಡೆಯ ತುದಿಯನ್ನು ಕೊಂಚ ಸವೆಸಿ ಎರಡು ದಿನ ಬಣ್ಣ ತಿಳಿಯಾಗಿಸುತ್ತವೆ, ಬೆಲೆಯಾಗಿ ಸುತ್ತಲಿನ ಚರ್ಮವನ್ನು ಕೆರಳಿಸುತ್ತವೆ.

ಸ್ಯಾಲಿಸಿಲಿಕ್ ಆಮ್ಲ: ಎಣ್ಣೆಯೊಳಗೆ ಇಳಿಯಬಲ್ಲದ್ದು

ಆಮ್ಲಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗುವಂಥವು, ಜಿಡ್ಡು ತುಂಬಿದ ಕೊಳವೆಯ ಬಾಯಲ್ಲೇ ನಿಂತುಬಿಡುತ್ತವೆ. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಬೆರೆಯುತ್ತದೆ. ಹಾಗಾಗಿ ಸೀಬಮ್‌ನೊಳಗೆ ಇಳಿದು, ಸತ್ತ ಕೋಶಗಳನ್ನು ಹಿಡಿದಿಟ್ಟಿರುವ ಬೆಸುಗೆಯನ್ನು ಸಡಿಲಿಸುತ್ತದೆ. ಅಂಗಡಿಯಲ್ಲಿ ನೇರವಾಗಿ ಸಿಗುವ ಉತ್ಪನ್ನಗಳಲ್ಲಿ ಇದರ ಪ್ರಮಾಣ ಶೇ. 0.5ರಿಂದ ಶೇ. 2.

ಫೇಸ್‌ವಾಶ್ ರೂಪದಲ್ಲಿ ಕೊಂಡರೆ ಅದು ಚರ್ಮದ ಮೇಲಿರುವುದು ಒಂದು ನಿಮಿಷವೂ ಇಲ್ಲ, ಪರಿಣಾಮವೂ ಅಷ್ಟಕ್ಕಷ್ಟೇ. ಹಚ್ಚಿ ಹಾಗೇ ಬಿಡುವ ದ್ರಾವಣ ಅಥವಾ ಜೆಲ್ ಹೆಚ್ಚು ಉಪಯುಕ್ತ. ರಾತ್ರಿ ಮುಖ ತೊಳೆದು ಒಣಗಿದ ಮೇಲೆ, ಬ್ಲ್ಯಾಕ್‌ಹೆಡ್ ಬರುವ ಇಡೀ ಪ್ರದೇಶಕ್ಕೆ, ಅಂದರೆ ಮೂಗು, ಗಲ್ಲ, ಬೇಕಿದ್ದರೆ ಹಣೆಗೆ, ಬೆರಳ ತುದಿಯಿಂದ ತೆಳ್ಳಗೆ ಸವರಿ. ಐದಾರು ನಿಮಿಷ ಬಿಟ್ಟು ಮಾಯಿಶ್ಚರೈಸರ್ ಹಚ್ಚಿ. ಮೊದಲ ಎರಡು ವಾರ ವಾರಕ್ಕೆ ಮೂರು ರಾತ್ರಿ, ಉರಿಯಿಲ್ಲದಿದ್ದರೆ ದಿನ ಬಿಟ್ಟು ದಿನ, ಆಮೇಲೆ ಬೇಕೆನಿಸಿದರೆ ದಿನವೂ. ಆರರಿಂದ ಎಂಟು ವಾರ ಕೊಡದೆ ‘ಕೆಲಸ ಮಾಡಲಿಲ್ಲ’ ಎಂದು ತೀರ್ಮಾನಿಸಬೇಡಿ. ಆಸ್ಪಿರಿನ್ ಮಾತ್ರೆಗೆ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು, ಎರಡೂ ಒಂದೇ ಕುಟುಂಬದ ರಾಸಾಯನಿಕಗಳು.

ಹತ್ತಾರು ಬ್ಲ್ಯಾಕ್‌ಹೆಡ್‌ಗಳಷ್ಟೇ ಇದ್ದರೆ ಇದೊಂದೇ ಸಾಕಾಗಬಹುದು. ಹೆಚ್ಚಿದ್ದರೆ, ಅಥವಾ ವೈಟ್‌ಹೆಡ್‌ಗಳೂ ಸೇರಿಕೊಂಡಿದ್ದರೆ, ಮುಂದಿನ ಔಷಧವೇ ಮುಖ್ಯ.

ರೆಟಿನಾಯ್ಡ್: ಬಿರಡೆ ಕಟ್ಟುವುದನ್ನೇ ತಡೆಯುವ ಔಷಧ

ಎ ಜೀವಸತ್ವದ ಸಂಬಂಧಿಗಳಾದ ಈ ಔಷಧಗಳು ಕೊಳವೆಯ ಗೋಡೆಯ ಕೋಶಗಳ ಒಳಹೊಕ್ಕು, ಅವು ಬೆಳೆಯುವ ಮತ್ತು ಉದುರುವ ರೀತಿಯನ್ನೇ ಸರಿಪಡಿಸುತ್ತವೆ. ಹಳೆಯ ಬಿರಡೆ ಸಡಿಲವಾಗುತ್ತದೆ, ಮೈಕ್ರೊಕೊಮಿಡೋ ಹುಟ್ಟುವುದೇ ಕಡಿಮೆಯಾಗುತ್ತದೆ. ಬ್ಲ್ಯಾಕ್‌ಹೆಡ್‌ಗೆ ಚರ್ಮತಜ್ಞರು ಮೊದಲು ಬರೆಯುವುದು ಇದನ್ನೇ. ಈ ಗುಂಪಿನ ಟ್ರೆಟಿನೊಯಿನ್ ಮೊಡವೆಯ ಔಷಧವಾಗಿ ಅಮೆರಿಕದಲ್ಲಿ ಮಾನ್ಯತೆ ಪಡೆದದ್ದು 1971ರಲ್ಲಿ, ಅದಕ್ಕಿಂತ ಸೌಮ್ಯವಾದ ಅಡಾಪಲೀನ್ 1996ರಲ್ಲಿ. ಮೊದಲ ಸಲ ಬಳಸುವವರಿಗೆ ಶೇ. 0.1ರ ಅಡಾಪಲೀನ್ ಜೆಲ್ ಅಥವಾ ಕ್ರೀಮ್ ಒಳ್ಳೆಯ ಆಯ್ಕೆ. ಒಣ ಚರ್ಮಕ್ಕೆ ಕ್ರೀಮ್, ಜಿಡ್ಡಿನ ಚರ್ಮಕ್ಕೆ ಜೆಲ್. ಕೆಲವು ದೇಶಗಳಲ್ಲಿ ಇದಕ್ಕೆ ವೈದ್ಯರ ಚೀಟಿ ಬೇಕು, ಕೆಲವೆಡೆ ಬೇಡ. ಚೀಟಿ ಬೇಡವಾದರೂ ಮೊದಲೊಮ್ಮೆ ವೈದ್ಯರನ್ನು ಕೇಳಿಕೊಳ್ಳುವುದು ಲೇಸು.

ಬಳಸುವ ವಿಧಾನದಲ್ಲೇ ಎಲ್ಲ ಇದೆ. ರಾತ್ರಿ ಮುಖ ತೊಳೆದು ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಒದ್ದೆ ಚರ್ಮ ಔಷಧವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಉರಿಯೂ ಹೆಚ್ಚುತ್ತದೆ. ಆಮೇಲೆ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಔಷಧ ತೆಗೆದುಕೊಳ್ಳಿ. ಇಡೀ ಮುಖಕ್ಕೆ ಒಂದೇ ಕಾಳು. ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಹೀಗೆ ಐದು ಕಡೆ ಚುಕ್ಕೆಯಿಟ್ಟು ಹರಡಿದರೆ ಸಮನಾಗಿ ಬೀಳುತ್ತದೆ. ಕಣ್ಣಿನ ಸುತ್ತ, ತುಟಿ, ಬಾಯಿಯ ಮೂಲೆ, ಮೂಗಿನ ಹೊಳ್ಳೆ ಕೆನ್ನೆಗೆ ಸೇರುವ ಮಡಿಕೆ, ಈ ಜಾಗಗಳನ್ನು ಬಿಡಿ. ಔಷಧ ಮಡಿಕೆಗಳಲ್ಲಿ ಶೇಖರವಾಗಿ ಮೊದಲು ಬಿರಿಯುವುದು ಅಲ್ಲೇ. ಬೇಕಿದ್ದರೆ ಮೊದಲೇ ಆ ಮೂಲೆಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ಹತ್ತು ನಿಮಿಷದ ನಂತರ ಮಾಯಿಶ್ಚರೈಸರ್. ಚರ್ಮ ಬೇಗ ಉರಿಯುವಂಥದ್ದಾದರೆ ಮಾಯಿಶ್ಚರೈಸರ್ ಮೊದಲು, ಔಷಧ ನಡುವೆ, ಮತ್ತೆ ಮೇಲೊಂದು ಪದರ ಮಾಯಿಶ್ಚರೈಸರ್. ಹೀಗೆ ಮಾಡಿದರೆ ಕೆಲಸ ಕೊಂಚ ನಿಧಾನವಾದೀತು, ಆದರೆ ನಡುವೆ ಬಿಟ್ಟುಬಿಡುವ ಪರಿಸ್ಥಿತಿ ಬರುವುದಿಲ್ಲ.

ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ. ಮುಂದಿನ ಎರಡು ವಾರ ರಾತ್ರಿ ಬಿಟ್ಟು ರಾತ್ರಿ. ಸಹಿಸಿಕೊಂಡರೆ ಐದನೆಯ ವಾರದಿಂದ ದಿನವೂ. ಬೇಗ ಗುಣವಾಗಲಿ ಎಂದು ಎರಡು ಕಾಳಿನಷ್ಟು ಹಚ್ಚಿದರೆ ಬಿರಡೆ ಎರಡು ಪಟ್ಟು ವೇಗದಲ್ಲಿ ಕರಗುವುದಿಲ್ಲ, ಚರ್ಮ ಮಾತ್ರ ಎರಡು ಪಟ್ಟು ಸುಲಿಯುತ್ತದೆ.

ಇನ್ನು ನಿರೀಕ್ಷಿಸಬೇಕಾದ್ದು. ಎರಡನೆಯ ವಾರದ ಹೊತ್ತಿಗೆ ಒಣಗುವಿಕೆ, ಸಣ್ಣ ಸಿಪ್ಪೆ, ತುಸು ಉರಿ. ಕೆಲವರಲ್ಲಿ ಎರಡರಿಂದ ಆರನೆಯ ವಾರದ ನಡುವೆ ಮೊಡವೆ ಹೆಚ್ಚಾದಂತೆ ಕಾಣುತ್ತದೆ. ಒಳಗೆ ಮೊದಲೇ ಇದ್ದ ಬಿರಡೆಗಳು ಮೇಲಕ್ಕೆ ಬರುವ ಹೊತ್ತು ಅದು. ಜನ ಔಷಧ ನಿಲ್ಲಿಸುವುದೂ ಹೆಚ್ಚಾಗಿ ಈ ಹೊತ್ತಿನಲ್ಲೇ, ಅಂದರೆ ಕಷ್ಟವನ್ನೆಲ್ಲ ಪಟ್ಟು ಫಲ ಬರುವ ಮುಂಚೆ. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ಫೋಟೊ ತೆಗೆದಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ.

ಆದರೆ ತುಸು ಉರಿ ಬೇರೆ, ಸುಟ್ಟ ಹಾಗಾಗುವುದು ಬೇರೆ. ಬರೀ ನೀರು ತಾಗಿದರೂ ಚುರುಗುಟ್ಟುತ್ತಿದೆ, ಚರ್ಮ ಕೆಂಪಗೆ ಹೊಳೆಯುತ್ತಿದೆ, ಬಿರಿಯುತ್ತಿದೆ ಎಂದಾದರೆ ನಾಲ್ಕೈದು ದಿನ ಎಲ್ಲವನ್ನೂ ನಿಲ್ಲಿಸಿ. ಸೌಮ್ಯ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮಾತ್ರ. ಸರಿಹೋದ ಮೇಲೆ ಮೂರು ರಾತ್ರಿಗೊಮ್ಮೆ ಎಂಬಲ್ಲಿಂದ ಮತ್ತೆ ಶುರು ಮಾಡಿ, ಅಥವಾ ಹಚ್ಚಿ ಒಂದು ಗಂಟೆಯ ನಂತರ ತೊಳೆದುಬಿಡಿ. ಇಂಥ ಉರಿಗೆ ಬಹುತೇಕ ಕಾರಣ ಒಂದೇ: ರೆಟಿನಾಯ್ಡ್ ಜೊತೆಗೆ ಸ್ಯಾಲಿಸಿಲಿಕ್ ಆಮ್ಲ, ಗ್ಲೈಕೊಲಿಕ್ ಆಮ್ಲ, ಸ್ಕ್ರಬ್ ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಿರುವುದು. ಒಂದು ಹೊಸ ವಸ್ತು ಶುರುಮಾಡಿದರೆ ಕನಿಷ್ಠ ನಾಲ್ಕು ವಾರ ಇನ್ನೊಂದನ್ನು ಸೇರಿಸಬೇಡಿ. ಎರಡೂ ಬೇಕೆಂದರೆ ಬೇರೆ ಬೇರೆ ರಾತ್ರಿಗಳಿಗೆ ಹಂಚಿಕೊಳ್ಳಿ. ವ್ಯಾಕ್ಸಿಂಗ್ ಮಾಡಿಸುವ ಜಾಗಕ್ಕೆ ಒಂದು ವಾರ ಮೊದಲೇ ರೆಟಿನಾಯ್ಡ್ ನಿಲ್ಲಿಸಿ, ಇಲ್ಲವಾದರೆ ಮೇಣದ ಜೊತೆ ಚರ್ಮದ ಪದರವೂ ಕಿತ್ತು ಬರುತ್ತದೆ.

ಹಗಲು ಸನ್‌ಸ್ಕ್ರೀನ್ ಕಡ್ಡಾಯ. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಮುಖ ಮತ್ತು ಕತ್ತಿಗೆ ತೋರುಬೆರಳು ಹಾಗೂ ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಗರ್ಭಿಣಿಯರು ಮತ್ತು ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರು ರೆಟಿನಾಯ್ಡ್ ಬಳಸಬಾರದು. ಅವರಿಗೆ ಅಜೆಲಾಯಿಕ್ ಆಮ್ಲ ಶೇ. 15 ಅಥವಾ ಶೇ. 20 ಸುರಕ್ಷಿತ ಆಯ್ಕೆ. ಅದು ಬಿರಡೆಯನ್ನೂ ನಿಧಾನವಾಗಿ ಸಡಿಲಿಸುತ್ತದೆ, ಮೊಡವೆ ಬಿಟ್ಟುಹೋದ ಕಂದು ಕಲೆಯನ್ನೂ ತಿಳಿಗೊಳಿಸುತ್ತದೆ. ಮೊದಲ ಕೆಲವು ವಾರ ತುರಿಕೆ ಇರುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್ ಬಗ್ಗೆ ಒಂದು ಮಾತು. ಅದು ಮುಖ್ಯವಾಗಿ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧ. ಬ್ಲ್ಯಾಕ್‌ಹೆಡ್ ಜೊತೆ ಕೆಂಪು, ಕೀವಿನ ಮೊಡವೆಗಳೂ ಇದ್ದರೆ ಸೇರಿಸಿಕೊಳ್ಳಬಹುದು, ಬರೀ ಬ್ಲ್ಯಾಕ್‌ಹೆಡ್‌ಗೆ ಅದು ಮೊದಲ ಆಯ್ಕೆಯಲ್ಲ. ಶೇ. 2.5ರದ್ದೇ ಸಾಕು, ಶೇ. 10ರದ್ದು ಉರಿಯನ್ನಷ್ಟೇ ಹೆಚ್ಚಿಸುತ್ತದೆ. ಹಳೆಯ ಬಗೆಯ ಟ್ರೆಟಿನೊಯಿನ್ ಜೊತೆ ಒಂದೇ ಹೊತ್ತಿಗೆ ಹಚ್ಚಿದರೆ ಅದನ್ನು ನಿಷ್ಕ್ರಿಯಗೊಳಿಸುತ್ತದೆ, ಅಡಾಪಲೀನ್ ಜೊತೆ ಆ ತೊಂದರೆಯಿಲ್ಲ. ತಲೆದಿಂಬು, ಟವೆಲ್ಲುಗಳ ಬಣ್ಣ ಮಾತ್ರ ಖಂಡಿತ ಹೋಗುತ್ತದೆ.

ಕೀಳುವುದು, ಎಳೆಯುವುದು, ಹಿಸುಕುವುದು

ಮೂಗಿಗೆ ಅಂಟಿಸಿ ಎಳೆಯುವ ಪಟ್ಟಿಗಳು ನೋಡಲು ತೃಪ್ತಿ ಕೊಡುತ್ತವೆ. ಪಟ್ಟಿಯ ಮೇಲೆ ನಿಂತ ಮುಳ್ಳುಗಳಲ್ಲಿ ಹೆಚ್ಚಿನವು ಆಗಲೇ ಹೇಳಿದ ಸಹಜ ಎಳೆಗಳು, ಉಳಿದವು ಬಿರಡೆಯ ಮೇಲ್ಭಾಗ, ಜೊತೆಗೆ ನವಿರು ಕೂದಲು. ಕೊಳವೆಯ ಗೋಡೆ ಬದಲಾಗದ ಕಾರಣ ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ. ಅಪರೂಪಕ್ಕೊಮ್ಮೆ ಬಳಸಿದರೆ ದೊಡ್ಡ ಹಾನಿಯಿಲ್ಲ. ರೆಟಿನಾಯ್ಡ್ ಬಳಸುತ್ತಿರುವವರು, ಮೂಗಿನ ಮೇಲೆ ಕೆಂಪು ರಕ್ತನಾಳಗಳು ಕಾಣುವವರು ಬಳಸಲೇಬಾರದು.

ಉಗುರಿನಿಂದ ಹಿಸುಕಿದಾಗ ಆಗುವುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಒತ್ತಡ ಬೀಳುವುದು ಪಕ್ಕದಿಂದ. ಬಿರಡೆಯ ಅರ್ಧ ಮೇಲೆ ಬರುತ್ತದೆ, ಇನ್ನರ್ಧ ಕೆಳಗೆ ತಳ್ಳಲ್ಪಟ್ಟು ಕೊಳವೆಯ ತೆಳುಗೋಡೆಯನ್ನು ಹರಿದು ಸುತ್ತಲಿನ ಚರ್ಮದೊಳಕ್ಕೆ ಸೋರುತ್ತದೆ. ದೇಹ ಅದನ್ನು ಪರಕೀಯ ವಸ್ತುವೆಂದು ಎಣಿಸಿ ಮೇಲೆ ಬೀಳುತ್ತದೆ. ನಿನ್ನೆ ನೋವಿಲ್ಲದ ಕಪ್ಪು ಚುಕ್ಕೆಯಾಗಿದ್ದದ್ದು ಇವತ್ತು ಕೀವು ತುಂಬಿದ ಗಂಟು. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಆ ಗಂಟು ಆರಿದ ಮೇಲೆ ಉಳಿಯುವ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ತೆಗೆಯಲೇಬೇಕು ಎನ್ನುವ ಒಂದೆರಡು ದೊಡ್ಡ, ಹಳೆಯ ಬ್ಲ್ಯಾಕ್‌ಹೆಡ್‌ಗಳಿದ್ದರೆ ಚರ್ಮತಜ್ಞರ ಬಳಿ ತೆಗೆಸಿಕೊಳ್ಳುವುದು ಉತ್ತಮ. ನಾಲ್ಕಾರು ವಾರ ರೆಟಿನಾಯ್ಡ್ ಹಚ್ಚಿದ ಮೇಲೆ ಹೋದರೆ ಬಿರಡೆ ಸಡಿಲವಾಗಿದ್ದು ಸಲೀಸಾಗಿ ಬರುತ್ತದೆ. ಮನೆಯಲ್ಲೇ ಮಾಡುವುದಾದರೆ ತುದಿಯಲ್ಲಿ ತಂತಿಯ ಉಂಗುರವಿರುವ ಸ್ಟೀಲ್ ಕಡ್ಡಿ ಬೇಕು. ಅದನ್ನು ಶೇ. 70ರ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಕೈ ತೊಳೆಯಿರಿ, ಮುಖ ತೊಳೆಯಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಆ ಜಾಗದ ಮೇಲಿಡಿ, ಶಾಖ ಹಿತವಾಗಿರಲಿ, ಸುಡಬಾರದು. ಉಂಗುರದ ನಡುವೆ ಕಪ್ಪು ಚುಕ್ಕೆ ಬರುವಂತೆ ಇಟ್ಟು, ನೇರವಾಗಿ ಕೆಳಕ್ಕೆ ಮೆಲ್ಲಗೆ ಒತ್ತಿ. ಬಂದರೆ ಬಂತು. ಎರಡು ಸಲಕ್ಕೂ ಬರದಿದ್ದರೆ ಬಿಟ್ಟುಬಿಡಿ, ಅದು ಇನ್ನೂ ಸಡಿಲವಾಗಿಲ್ಲ ಎಂದರ್ಥ. ಕೆಂಪಗಿರುವುದನ್ನು, ನೋಯುವುದನ್ನು, ವೈಟ್‌ಹೆಡ್ಡನ್ನು ಇದರಿಂದ ಮುಟ್ಟಲೇಬೇಡಿ. ವೈಟ್‌ಹೆಡ್‌ಗೆ ಮೊದಲು ಸೂಜಿಯಿಂದ ಬಾಯಿ ಮಾಡಬೇಕಾಗುತ್ತದೆ, ಅದು ತರಬೇತಿ ಪಡೆದ ಕೈಗಳ ಕೆಲಸ. ತೆಗೆದ ರಾತ್ರಿ ಆಮ್ಲವೂ ಬೇಡ, ರೆಟಿನಾಯ್ಡೂ ಬೇಡ.

ಆವಿ ಹಿಡಿದರೆ ರಂಧ್ರ ತೆರೆಯುತ್ತದೆ, ತಣ್ಣೀರು ಹಾಕಿದರೆ ಮುಚ್ಚುತ್ತದೆ ಎಂಬುದು ನಿಜವಲ್ಲ. ರಂಧ್ರದ ಬಾಯಿಯನ್ನು ತೆರೆದು ಮುಚ್ಚುವ ಸ್ನಾಯು ಅಲ್ಲಿಲ್ಲ. ಶಾಖ ಜಿಡ್ಡನ್ನು ಮೆದುಗೊಳಿಸುತ್ತದೆ, ಅಷ್ಟೇ. ಅಡುಗೆ ಸೋಡಾ ಕ್ಷಾರೀಯ, ನಿಂಬೆರಸ ವಿಪರೀತ ಆಮ್ಲೀಯ, ಟೂತ್‌ಪೇಸ್ಟ್ ಹಲ್ಲಿಗಾಗಿ ಮಾಡಿದ್ದು. ಮೂರೂ ಚರ್ಮವನ್ನು ಸುಡಬಲ್ಲವು, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ಕಪ್ಪು ಕಲೆ ಉಳಿಯಬಹುದು. ಜೇಡಿಮಣ್ಣಿನ ಮಾಸ್ಕ್ ಮಾತ್ರ ಜಿಡ್ಡಿನ ಚರ್ಮದವರಿಗೆ ವಾರಕ್ಕೊಮ್ಮೆ, ಹತ್ತು ನಿಮಿಷ, ಅಡ್ಡಿಯಿಲ್ಲ. ಮೇಲಿನ ಎಣ್ಣೆ ಹೀರಿ ಚುಕ್ಕೆಗಳು ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತವೆ. ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಇಟ್ಟುಕೊಳ್ಳಬೇಡಿ.

ಹೊರಗಿನಿಂದ ಬರುವ ಕಾರಣಗಳು

ಹಣೆಯ ಮೇಲ್ಭಾಗದಲ್ಲಿ, ಕೂದಲಿನ ಅಂಚಿನುದ್ದಕ್ಕೂ ಮಾತ್ರ ಸಣ್ಣ ಬಿರಡೆಗಳಿದ್ದರೆ ತಲೆಗೆ ಹಚ್ಚುವ ಎಣ್ಣೆ, ವ್ಯಾಕ್ಸ್, ಕಂಡಿಷನರ್ ಕಡೆ ನೋಡಿ. ಕೂದಲಿನ ತುದಿಗಷ್ಟೇ ಹಚ್ಚಿ, ಮಲಗುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ತಲೆ ತೊಳೆದ ಮೇಲೆ ಕೊನೆಯದಾಗಿ ಮುಖ ತೊಳೆಯಿರಿ. ಮೇಕಪ್ಪು ಹಚ್ಚುವ ಜಾಗದಲ್ಲಷ್ಟೇ ಇದ್ದರೆ ಕಾರಣ ಮೇಕಪ್ಪು. ಹೀಗೆ ಪ್ರಸಾಧನಗಳಿಂದ ಬರುವ ಮೊಡವೆಯನ್ನು ಅಮೆರಿಕದ ಸಂಶೋಧಕರಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಒಟ್ಟೊ ಮಿಲ್ಸ್ 1972ರಲ್ಲೇ ವಿವರಿಸಿದ್ದರು. ಯಾವ ವಸ್ತು ರಂಧ್ರ ಮುಚ್ಚುತ್ತದೆ ಎಂಬುದನ್ನು ಆಗ ಮೊಲದ ಕಿವಿಯ ಮೇಲೆ ಪರೀಕ್ಷಿಸುತ್ತಿದ್ದರು. ಮೊಲದ ಕಿವಿ ಮನುಷ್ಯರ ಮುಖಕ್ಕಿಂತ ಬಹಳ ಬೇಗ ಬಿರಡೆ ಕಟ್ಟುತ್ತದೆ. ಆದ್ದರಿಂದ ಅಂತರ್ಜಾಲದಲ್ಲಿ ಓಡಾಡುವ, ಪ್ರತಿ ವಸ್ತುವಿಗೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪಟ್ಟಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಎಣ್ಣೆ ಶುದ್ಧರೂಪದಲ್ಲಿ ಮಾಡುವ ಕೆಡುಕನ್ನು ಕ್ರೀಮಿನಲ್ಲಿ ಶೇ. 1ರಷ್ಟು ಸೇರಿದಾಗ ಮಾಡಬೇಕೆಂದಿಲ್ಲ. ‘ನಾನ್-ಕೊಮಿಡೋಜೆನಿಕ್’ (ರಂಧ್ರ ಮುಚ್ಚದ್ದು) ಎಂಬ ಚೀಟಿಯೂ ಖಾತರಿಯಲ್ಲ, ಒಳ್ಳೆಯ ಸೂಚನೆ ಮಾತ್ರ. ನಿಜವಾದ ಪರೀಕ್ಷೆ ನಿಮ್ಮ ಚರ್ಮದ ಮೇಲೆಯೇ: ಹೊಸ ಕ್ರೀಮನ್ನು ಒಂದು ಕೆನ್ನೆಯ ಪಕ್ಕದಲ್ಲಿ ನಾಲ್ಕಾರು ವಾರ ಹಚ್ಚಿ ನೋಡಿ.

ಹೆಲ್ಮೆಟ್ಟಿನ ಪಟ್ಟಿ, ಬಿಗಿ ಮಾಸ್ಕು, ಬೆನ್ನಚೀಲ ಉಜ್ಜುವ ಜಾಗಗಳಲ್ಲೂ ಬಿರಡೆ ಕಟ್ಟುತ್ತದೆ. ಪಟ್ಟಿಯನ್ನು ಒರೆಸಿಡಿ, ಒಳಗಿನ ಬಟ್ಟೆಯನ್ನು ಆಗಾಗ ಒಗೆಯಿರಿ. ಯಂತ್ರಗಳಿಗೆ ಹಾಕುವ ಎಣ್ಣೆಯ ನಡುವೆ ಕೆಲಸ ಮಾಡುವವರಿಗೆ ಮುಂಗೈ, ತೊಡೆಗಳಲ್ಲಿ ಬ್ಲ್ಯಾಕ್‌ಹೆಡ್ ಬರುವುದುಂಟು. ಎಣ್ಣೆ ನೆನೆದ ಬಟ್ಟೆ ಇಡೀ ದಿನ ಮೈಗೆ ತಾಗಿಕೊಂಡಿರುವುದೇ ಕಾರಣ. ಬಟ್ಟೆ ಬದಲಿಸುವುದು, ಕೆಲಸ ಮುಗಿದೊಡನೆ ಸ್ನಾನ ಮಾಡುವುದು ಇಲ್ಲಿ ಯಾವ ಕ್ರೀಮಿಗಿಂತಲೂ ಮೇಲು. ಇದಕ್ಕಿಂತ ತೀವ್ರವಾದದ್ದು ಕ್ಲೋರಿನ್ ಸಂಯುಕ್ತಗಳಿಂದ ಬರುವ ಕ್ಲೋರಾಕ್ನೆ. ಇಟಲಿಯ ಸೆವೆಸೊದಲ್ಲಿ 1976ರಲ್ಲಿ ಕಾರ್ಖಾನೆಯಿಂದ ಡೈಆಕ್ಸಿನ್ ಎಂಬ ಕ್ಲೋರಿನ್ ಇರುವ ವಿಷ ಹೊರಬಿದ್ದಾಗ ಸುತ್ತಲಿನ ಮಕ್ಕಳ ಮುಖಗಳಲ್ಲಿ ಕಂಡದ್ದು ಅದೇ. ರಾಸಾಯನಿಕಗಳ ಜೊತೆ ಕೆಲಸ ಮಾಡುವವರ ಕಣ್ಣಿನ ಪಕ್ಕ, ಕಿವಿಯ ಹಿಂದೆ ಇದ್ದಕ್ಕಿದ್ದಂತೆ ರಾಶಿ ಬ್ಲ್ಯಾಕ್‌ಹೆಡ್ ಎದ್ದರೆ ಅದನ್ನು ಸೌಂದರ್ಯದ ಸಮಸ್ಯೆ ಎಂದುಕೊಳ್ಳದೆ ವೈದ್ಯರಿಗೆ ಕೆಲಸದ ವಿವರ ಹೇಳಬೇಕು.

ವಯಸ್ಸಾದವರ ಕಣ್ಣಿನ ಕೆಳಗೆ, ಕೆನ್ನೆಯ ಮೇಲ್ಭಾಗದಲ್ಲಿ ಗುಂಪಾಗಿ ಕಾಣುವ ದೊಡ್ಡ ಬ್ಲ್ಯಾಕ್‌ಹೆಡ್‌ಗಳಿಗೆ ಮುಖ್ಯ ಕಾರಣ ವರ್ಷಗಟ್ಟಲೆ ಬಿದ್ದ ಬಿಸಿಲು, ಜೊತೆಗೆ ಧೂಮಪಾನ. ಅಲ್ಲಿಗೂ ರೆಟಿನಾಯ್ಡ್ ಮತ್ತು ಸನ್‌ಸ್ಕ್ರೀನೇ ದಾರಿ, ಆದರೆ ಕಣ್ಣಿಗೆ ಹತ್ತಿರವಾದ್ದರಿಂದ ವೈದ್ಯರು ಹೇಳಿದಂತೆಯೇ ಹಚ್ಚಬೇಕು.

ಊಟದ ವಿಷಯದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವ ಆಹಾರ ಮತ್ತು ಹಾಲಿನಿಂದ ತೆಗೆದ ವ್ಹೇ ಪ್ರೋಟೀನ್ ಪುಡಿ ಕೆಲವರಲ್ಲಿ ಮೊಡವೆ ಹೆಚ್ಚಿಸುತ್ತವೆ. ಎರಡು ಮೂರು ತಿಂಗಳು ಕಡಿಮೆ ಮಾಡಿ ನೋಡಬಹುದು. ಕರಿದದ್ದನ್ನು ತಿಂದರೆ ಆ ಎಣ್ಣೆಯೇ ಮೂಗಿನ ಮೇಲೆ ಬರುತ್ತದೆ ಎಂಬುದು ಮಾತ್ರ ಸರಿಯಲ್ಲ.

ವೈದ್ಯರ ಬಳಿ ಹೋಗಬೇಕಾದ ಹೊತ್ತು

ಹನ್ನೆರಡು ವಾರ ಸರಿಯಾಗಿ ಹಚ್ಚಿಯೂ ಬದಲಾವಣೆ ಇಲ್ಲದಿದ್ದರೆ, ನೋಯುವ ಗಂಟುಗಳಾಗುತ್ತಿದ್ದರೆ, ಗುಳಿ ಬೀಳುತ್ತಿದ್ದರೆ ತಡಮಾಡಬೇಡಿ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುವುದು, ಗಲ್ಲದ ಮೇಲೆ ದಪ್ಪ ಕೂದಲು ಬರುವುದು ಜೊತೆಗಿದ್ದರೆ ಹಾರ್ಮೋನಿನ ತಪಾಸಣೆ ಬೇಕು, ಪಿಸಿಓಎಸ್ ಎಂಬ ಅಂಡಾಶಯ ಮತ್ತು ಹಾರ್ಮೋನಿನ ತೊಂದರೆ ಇರಬಹುದು. ಒಂದರಿಂದ ಏಳು ವರ್ಷದೊಳಗಿನ ಮಗುವಿನಲ್ಲಿ ಮೊಡವೆ, ಬ್ಲ್ಯಾಕ್‌ಹೆಡ್ ಕಂಡರೂ ಅಷ್ಟೇ, ಆ ವಯಸ್ಸಿಗೆ ಅದು ಸಹಜವಲ್ಲ. ಮುಖ ಬೆಳ್ಳಗಾಗಲೆಂದು ಸ್ಟಿರಾಯ್ಡ್ ಇರುವ ಕ್ರೀಮ್ ಹಚ್ಚುತ್ತಿರುವವರು ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಮೊಡವೆಗೆ ಅದೇ ಕಾರಣವಾಗಿರಬಹುದು, ಅದನ್ನು ಬಿಡಿಸುವುದಕ್ಕೂ ಒಂದು ಕ್ರಮವಿದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಸ್ಟಿರಾಯ್ಡ್ ಮಾತ್ರೆಗಳಂಥ ಔಷಧಗಳಿಂದಲೂ ಮೊಡವೆ ಏಳುತ್ತದೆ, ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ.

ಮುಖ ತಿಳಿಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಔಷಧ ಪೂರ್ತಿ ನಿಲ್ಲಿಸಿದರೆ ಕೊಳವೆಯ ಗೋಡೆ ಮತ್ತೆ ಹಳೆಯ ಚಾಳಿಗೆ ಮರಳುತ್ತದೆ, ಎರಡು ಮೂರು ತಿಂಗಳಲ್ಲಿ ಚುಕ್ಕೆಗಳು ಹಿಂದಿರುಗುತ್ತವೆ. ಆದ್ದರಿಂದ ಅಡಾಪಲೀನನ್ನು ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿಸಿ ಮುಂದುವರಿಸಿ. ಪ್ರಮಾಣ ಆಗಲೂ ಅದೇ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು.